ಹಳೇ ಮಾಡೆಲ್ ಆದ ಮಾತ್ರಕ್ಕೆ ಕಾರಿನ ಖದರ್ ಹೋಗುತ್ತಾ?

ಆರು ತಿಂಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಿದೆ. ಕಾರಿನ ಹೆಸರು ಮಾತ್ರ ಬೇರೆ, ಕಳವಳ ಒಂದೇ. ಗ್ಯಾರೇಜಿಗೆ ಬಂದವರಿಗೆ, ಫೋನ್ ಮಾಡಿದವರಿಗೆ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಆಯಿಲ್ ಯಾವಾಗ ಬದಲಿಸಬೇಕು, ಆರ್‌ಸಿಯಲ್ಲಿ ಏನು ನೋಡಬೇಕು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟೂ ತಿಳಿಯದವರು ಹಳೇ ಸ್ಪೋರ್ಟ್ಸ್ ಕಾರುಗಳ ತಂಟೆಗೆ ಹೋಗಬಾರದು.

ಪ್ರಶ್ನೆ: ಸರ್, ನಮ್ಮದು ಮದ್ದೂರು ತಾಲ್ಲೂಕು, ಅಕ್ಕಿ ಗಿರಣಿ ಇದೆ. ಬೆಂಗಳೂರಿನಲ್ಲಿ 2017ರ ಫೋರ್ಡ್ ಮಸ್ಟ್ಯಾಂಗ್ ಜಿಟಿ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಚಿಕ್ಕಂದಿನಿಂದ ಆಸೆ. ಆದರೆ ನಮ್ಮ ಭಾವ, 'ಹೊರದೇಶದಲ್ಲಿ ಹೊಸ ಮಾಡೆಲ್ ಬಂದು ಎಷ್ಟೋ ದಿನ ಆಯ್ತು, ಇದು ಹಳೇ ಶೇಪು, ಈಗ ಯಾರು ಬೇಕಾದರೂ ತಗೋಬಹುದು, ಮೊದಲಿನ ಖದರ್ ಇಲ್ಲ' ಅಂತಾರೆ. ತಗೊಳ್ಳಲಾ, ಬೇಡವಾ?

ನಿಮ್ಮ ಭಾವ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಖದರ್ ಬೇರೆ, ಅಪರೂಪ ಬೇರೆ. ಇವೆರಡನ್ನು ಕಲಸಿಕೊಂಡವರೇ ತಪ್ಪು ಕಾರು ತಗೊಂಡು ಆಮೇಲೆ ನನ್ನ ಮುಂದೆ ಬಂದು ಕೂರುತ್ತಾರೆ.

ಮಸ್ಟ್ಯಾಂಗ್ ಹುಟ್ಟಿದ್ದೇ ಅಪರೂಪವಾಗಿರಲಿ ಎಂದಲ್ಲ. 1964ರ ಏಪ್ರಿಲ್ 17ರಂದು ಅಮೆರಿಕದಲ್ಲಿ ಅದು ಬಿಡುಗಡೆಯಾದಾಗ ಸಂಬಳದ ಮೇಲೆ ಬದುಕುವ ಹುಡುಗ ಹುಡುಗಿಯರೂ ಕೊಳ್ಳುವಂಥ ಬೆಲೆ ಇಟ್ಟಿದ್ದರು. ಮೊದಲ ವರ್ಷವೇ 4 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2018ರಲ್ಲಿ ಒಂದು ಕೋಟಿಯನೆಯ ಕಾರು ಕಾರ್ಖಾನೆಯಿಂದ ಹೊರಬಂತು. ಒಂದು ಕೋಟಿ ತಯಾರಾದ ವಸ್ತುವನ್ನು ಅಪರೂಪ ಎಂದು ಹೇಗೆ ಹೇಳುತ್ತೀರಿ? ಆದರೂ ಖದರ್ ಇದೆ. ಆ ಉದ್ದ ಬಾನೆಟ್, ಒಳಗಿನ ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಸ್ಟಾರ್ಟ್ ಮಾಡಿದಾಗ ಎದೆಗೆ ತಾಗುವ ಸದ್ದು, ಇವು ಲೆಕ್ಕದಿಂದ ಬಂದವಲ್ಲ.

ಹಾಗಾದರೆ ಮದ್ದೂರಿನಲ್ಲಿ ಅದು ಅಪರೂಪ ಹೇಗಾಯಿತು? ಬಲಗಡೆ ಸ್ಟಿಯರಿಂಗ್ ಇರುವ ಮಸ್ಟ್ಯಾಂಗ್ ಕಾರ್ಖಾನೆಯಿಂದಲೇ ಬರತೊಡಗಿದ್ದು 2015ರಲ್ಲಿ, ಆರನೇ ತಲೆಮಾರಿನಿಂದ. ಭಾರತಕ್ಕೆ ಬಂದದ್ದು 2016ರಲ್ಲಿ, ಪೂರ್ತಿ ತಯಾರಾದ ಕಾರಾಗಿ, ಆಮದು ಸುಂಕ ಹೊತ್ತುಕೊಂಡು. ಶೋರೂಂ ಬೆಲೆಯೇ 65 ಲಕ್ಷ. ಅಪರೂಪ ನಮ್ಮ ಊರಿನದು, ಕಾರಿನದಲ್ಲ. ಅಮೆರಿಕದಲ್ಲಿ ಏಳನೇ ತಲೆಮಾರು ಬಂತು ಅಂತ ನಮ್ಮ ದೇಶದಲ್ಲಿರುವ ಆರನೇ ತಲೆಮಾರಿನ ಕಾರುಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ಅಪಘಾತ, ನಿರ್ಲಕ್ಷ್ಯ, ಮಳೆ ನೀರಿನಿಂದ ಕಡಿಮೆಯಾಗುತ್ತಾ ಹೋಗುತ್ತದೆ ಅಷ್ಟೇ. 'ಯಾರು ಬೇಕಾದರೂ ತಗೋಬಹುದು' ಅನ್ನುವ ಮಾತಿಗೆ ಆಧಾರವಿಲ್ಲ.

ಇನ್ನು ಅಪರೂಪ ಇದ್ದರೆ ಸಾಕು, ಖದರ್ ತಾನಾಗಿ ಬರುತ್ತದೆ ಅನ್ನುವ ಇನ್ನೊಂದು ನಂಬಿಕೆ. ಅದೂ ಸುಳ್ಳು. 1998ರಲ್ಲಿ ನಮ್ಮ ಬೆಂಗಳೂರಿನ ಸ್ಯಾನ್ ಮೋಟಾರ್ಸ್ 'ಸ್ಟಾರ್ಮ್' ಅಂತ ಎರಡು ಬಾಗಿಲಿನ ಪುಟ್ಟ ಕಾರು ತಂದಿತ್ತು. ಫೈಬರ್ ಬಾಡಿ, ರೆನೋ ಕಂಪನಿಯ 1149 ಸಿಸಿ ಎಂಜಿನ್, 60 ಹಾರ್ಸ್ ಪವರ್. ತಯಾರಾದದ್ದೇ ಸ್ವಲ್ಪ, ಈಗ ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ. ಪ್ರೀತಿಯಿಂದ ಇಟ್ಟುಕೊಂಡವರಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಅದಕ್ಕಾಗಿ ಹಾತೊರೆಯುವ ನಾಲ್ಕು ಜನ ಸಿಗುವುದಿಲ್ಲ. ಬೇಕು ಅನ್ನುವವರಿಲ್ಲದ ಅಪರೂಪಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಇದಕ್ಕೆ ತದ್ವಿರುದ್ಧ ನಮ್ಮ ಯಾದವಗಿರಿಯ ಬೈಕು. 60ರ ದಶಕದ ಆರಂಭದಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಮೈಸೂರಿನ ಬೀದಿಗಳಲ್ಲಿ ಹಾಲಿನವರು, ಮೇಷ್ಟ್ರು, ಪೊಲೀಸರು ಎಲ್ಲರ ಕೈಯಲ್ಲೂ ಜಾವಾ, ಆಮೇಲೆ ಯೆಜ್ಡಿ. ಅಷ್ಟು ಸಾಮಾನ್ಯ. ಹೆಚ್ಚು ಮೈಲೇಜ್ ಕೊಡುವ ನಾಲ್ಕು ಸ್ಟ್ರೋಕ್ ಬೈಕುಗಳು ಬಂದ ಮೇಲೆ 'ಹಳೇ ಮಾಡೆಲ್, ಪೆಟ್ರೋಲ್ ಕುಡಿಯುತ್ತೆ' ಎಂದು ಮೂಲೆಗೆ ತಳ್ಳಿದರು. ಕಾರ್ಖಾನೆ ಮುಚ್ಚಿದ ಎರಡು ಮೂರು ವರ್ಷಕ್ಕೆ ಯೆಜ್ಡಿ ರೋಡ್‌ಕಿಂಗ್‌ಗಳನ್ನು ಗುಜರಿಗೆ ತೂಕಕ್ಕೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಂದು ತಡೆಯುವ ಬುದ್ಧಿ ನನಗೂ ಇರಲಿಲ್ಲ. ಇಂದು ಅದೇ ಗಾಡಿಯ ಒರಿಜಿನಲ್ ಸೈಲೆನ್ಸರ್ ಜೋಡಿ ಇದೆಯಾ ಎಂದು ಹೊರರಾಜ್ಯದಿಂದ ಫೋನ್ ಬರುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವ ಒಳ್ಳೆಯ ಗಾಡಿಗೂ ನಡುವೆ ಒಂದು ಹಳ್ಳ ಇರುತ್ತದೆ. ನನ್ನ ಅನುಭವದಲ್ಲಿ ಎಂಟನೇ ವರ್ಷದಿಂದ ಸುಮಾರು ಇಪ್ಪತ್ತನೇ ವರ್ಷದವರೆಗೆ. ಆ ವಯಸ್ಸಿನ ಕಾರು ದೋರೆಗಾಯಿ ಇದ್ದ ಹಾಗೆ. ಹೊಸದು ಅನ್ನುವ ಹಾಗಿಲ್ಲ, ಪುರಾತನ ಅಂತ ಕೈಮುಗಿಯುವ ಹಾಗೂ ಇಲ್ಲ. ಬರೀ 'ಹಳೇದು' ಅನ್ನಿಸಿಕೊಳ್ಳುತ್ತದೆ. ಇದು ಮಸ್ಟ್ಯಾಂಗ್‌ಗೆ ಮಾತ್ರ ಬಂದ ಕಷ್ಟವಲ್ಲ. ಫೆರಾರಿ 250 ಜಿಟಿಒ 1962ರಿಂದ 64ರವರೆಗೆ ತಯಾರಾದದ್ದು 36 ಮಾತ್ರ. ಹಾಗಿದ್ದೂ 60ರ ದಶಕದ ಕೊನೆಗೆ ಅದನ್ನು ಓಡಿ ಸವೆದ ರೇಸ್ ಕಾರು ಎಂದು ಕೆಲವೇ ಸಾವಿರ ಡಾಲರಿಗೆ ಮಾರುತ್ತಿದ್ದರು. ಒಂದನ್ನು ಟೆಕ್ಸಾಸ್‌ನ ಹೈಸ್ಕೂಲಿಗೆ, ಮಕ್ಕಳು ಮೆಕ್ಯಾನಿಕ್ ಕೆಲಸ ಕಲಿಯಲಿ ಎಂದು ದಾನ ಕೊಟ್ಟರು. 2018ರ ಹರಾಜಿನಲ್ಲಿ ಅದೇ ಮಾಡೆಲಿನ ಒಂದು ಕಾರು 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಪೋರ್ಷೆ 911ರ 996 ಮಾಡೆಲ್ ನೋಡಿ. 90ರ ದಶಕದ ಕೊನೆಗೆ ಗಾಳಿಯಿಂದ ತಣಿಯುವ ಎಂಜಿನ್ ಬಿಟ್ಟು ನೀರಿನದ್ದು ಹಾಕಿದರು, ದುಂಡಗಿದ್ದ ಹೆಡ್‌ಲೈಟ್ ಬದಲಿಸಿದರು. ಒಡೆದು ಹುರಿದ ಮೊಟ್ಟೆ ಎಂದು ಆಡಿಕೊಂಡರು. 911ಗಳಲ್ಲೆಲ್ಲ ಅಗ್ಗದ್ದು ಎಂದು ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ ಆ ಕಾರನ್ನು ಈಗ ಹುಡುಕಿಕೊಂಡು ಹೋಗುತ್ತಿದ್ದಾರೆ. ನಿಸ್ಸಾನ್ ಜಿಟಿ-ಆರ್ ಅಂತೂ 2007ರಿಂದ 2025ರವರೆಗೆ ಹೆಚ್ಚುಕಡಿಮೆ ಅದೇ ಮುಖದಲ್ಲೇ ಮಾರಾಟವಾಯಿತು. ಹದಿನೆಂಟು ವರ್ಷ! ಅದರ ಒಂದೊಂದು ಎಂಜಿನ್ನನ್ನೂ ಒಬ್ಬನೇ ಕುಶಲಕರ್ಮಿ ಕೈಯಿಂದ ಜೋಡಿಸಿ ತನ್ನ ಹೆಸರಿನ ತಗಡು ಬಡಿಯುತ್ತಿದ್ದ. ಅದನ್ನು ಹಳೇ ಶೇಪು ಅಂದವರು ಬಾನೆಟ್ ಎತ್ತಿ ನೋಡಿದವರಲ್ಲ.

ಹಾಗೆಂದು ಎಲ್ಲ ಕಾರೂ ಹಳ್ಳದಿಂದ ಎದ್ದು ಬರುವುದಿಲ್ಲ. ಮಸ್ಟ್ಯಾಂಗ್ ವಂಶದಲ್ಲೇ 1974ರ ಎರಡನೇ ತಲೆಮಾರು ತೈಲ ಬಿಕ್ಕಟ್ಟಿನ ಕಾಲದಲ್ಲಿ ಚೆನ್ನಾಗಿ ಮಾರಾಟವಾಯಿತು. ಇಂದು 60ರ ದಶಕದ ಕಾರುಗಳ ಹತ್ತಿರಕ್ಕೂ ಅದು ಬರುವುದಿಲ್ಲ. ಮೊದಲ ವರ್ಷವೇ ಅದರ ಎಂಜಿನ್ ಪಟ್ಟಿಯಿಂದ ವಿ8 ತೆಗೆದಿದ್ದರು. ಕಾರಿನ ಜೀವಾಳವನ್ನೇ ತೆಗೆದರೆ ವಯಸ್ಸು ಅದನ್ನು ಕಾಪಾಡುವುದಿಲ್ಲ. ನೀವು ನೋಡಿರುವ ಕಾರಿನಲ್ಲಿ ಆ ಜೀವಾಳ ಇದೆ.

ಖದರ್ ಕಳೆಯುವುದು ಹೊಸ ಮಾಡೆಲ್ ಅಲ್ಲ, ಹಳೆಯ ಮಾಲೀಕ. ಹೋದ ವರ್ಷ ಒಂಬತ್ತು ವರ್ಷದ ಎರಡು ಸೀಟಿನ ಜರ್ಮನ್ ಕಾರು ನನ್ನ ಹತ್ತಿರ ಬಂತು. ಮೀಟರಿನಲ್ಲಿ 14,000 ಕಿಲೋಮೀಟರ್. ಕೊಂಡವರಿಗೆ ಅದೇ ಹೆಮ್ಮೆ. ನಾನು ಮೊದಲು ಕೂತು ನೋಡಿದ್ದು ಟೈರಿನ ಪಕ್ಕದ ನಾಲ್ಕು ಅಂಕಿ. 3115 ಎಂದಿತ್ತು. ಅಂದರೆ 2015ರ 31ನೇ ವಾರ. ಟೈರಿನ ಮೈಮೇಲಿನ ಗೀರುಗಳು ಹೊಸದರಂತೆ ಆಳವಾಗಿದ್ದವು, ಆದರೆ ಉಗುರು ಒತ್ತಿದರೆ ಒಣಗಿದ ತೆಂಗಿನ ಚಿಪ್ಪು ಒತ್ತಿದ ಹಾಗೆ. ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕುಗಳು. ಕೂಲೆಂಟ್ ಹೋಸ್ ಹಿಂಡಿದರೆ ಕರಕರ ಅಂತು. ಎಂಜಿನ್ ಮುಚ್ಚಳ ತೆಗೆದರೆ ಬತ್ತದ ಹೊಟ್ಟು, ಬಟ್ಟೆ ಚೂರು, ಇಲಿಯ ಗೂಡು, ಅರ್ಧ ಕಚ್ಚಿದ ವೈರಿಂಗ್. ಆ ವೈರಿಂಗ್ ಹಾರ್ನೆಸ್ ಹೊರದೇಶದಿಂದ ಬರುವಷ್ಟರಲ್ಲಿ ಮೂರು ತಿಂಗಳು ಹೋಯಿತು. ನೂರಾರು ಕಾರು ನೋಡಿದ ಮೇಲೆ ಹೇಳುತ್ತೇನೆ, ನಾನು ಹೆದರುವುದು ಓಡಿದ ಕಾರಿಗಲ್ಲ, ನಿಂತ ಕಾರಿಗೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಅದನ್ನು ಬಿಟ್ಟು ಷೆಡ್ಡಿಗೆ ಬೀಗ ಹಾಕಿದರೆ ಪಂಪು, ಇಂಜೆಕ್ಟರ್ ಎರಡಕ್ಕೂ ಕೇಡು.

ಇನ್ನು ನಿಮ್ಮ ಕಾರಿಗೇ ಬರುತ್ತೇನೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ನಿಮ್ಮ ಕಾರು ಹೇಗೂ ಹೊರಗಿನಿಂದ ಬಂದದ್ದು. ಫಿಲ್ಟರ್, ಬ್ರೇಕ್ ಪ್ಯಾಡ್ ಸಿಗುತ್ತವೆ. ಮುಂದಿನ ಬಂಪರ್, ಹೆಡ್‌ಲೈಟ್, ಗೇರ್‌ಬಾಕ್ಸಿನ ಭಾಗ ಬೇಕಾದರೆ ಕಾಯಬೇಕು, ಕೇಳಿದಷ್ಟು ಕೊಡಬೇಕು. ಅದಕ್ಕೆ ಕಾರಿನ ಬೆಲೆಯ ಐದನೇ ಒಂದು ಭಾಗದಷ್ಟು ಹಣ ಬ್ಯಾಂಕಿನಲ್ಲಿ ಬೇರೆ ಇಡಿ. ಇದು ನನ್ನ ಸ್ವಂತ ಲೆಕ್ಕ, ಕೆಲವರಿಗೆ ಅತಿ ಅನ್ನಿಸಬಹುದು, ನಾನು ಬದಲಿಸುವುದಿಲ್ಲ. ಆ ಹಣ ಇಲ್ಲದಿದ್ದರೆ ಕಾರೂ ಬೇಡ. ಸಾಲ ಮಾಡಿ ತಗೊಳ್ಳುವುದಾದರೆ ನನ್ನನ್ನು ಕೇಳಲೇಬೇಡಿ.

ಎಲ್ಲಿ ಓಡಿಸುತ್ತೀರಿ ಅನ್ನುವುದನ್ನೂ ಯೋಚಿಸಿ. ಮನೆ ಮುಂದೆಯೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದೆ, ನಿಜ. ಮಿತಿ 100 ಕಿಲೋಮೀಟರ್, ಮೇಲೆ ಕ್ಯಾಮೆರಾ. ಇಳಿದು ಸರ್ವಿಸ್ ರಸ್ತೆಗೆ ಬಂದರೆ ಹಂಪು, ಹೊಂಡ. ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಹೊತ್ತು ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರು, ಜೊತೆಗೆ ಎರಡೆರಡು ಟ್ರೈಲರು. ನಮ್ಮ ಸೀಮೆಯ ಎಷ್ಟೋ ಮಕ್ಕಳು ಹೀಗೆ ಹೋಗಿದ್ದಾರೆ. ಕತ್ತಲಾದ ಮೇಲೆ ಆ ಕಾರು ಹೊರಗೆ ತೆಗೆಯಬೇಡಿ. ಭಾನುವಾರ ಬೆಳಗಿನ ಜಾವ ತೆಗೆಯಿರಿ, ಮಳವಳ್ಳಿ ಕಡೆಗೋ ಮೇಲುಕೋಟೆ ಕಡೆಗೋ ನಿಧಾನವಾಗಿ ಹೋಗಿ ತಿಂಡಿ ತಿಂದು ಬನ್ನಿ. ಎಂಜಿನ್ನಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಮಾರುವವನು 'ಇಟ್ಟುಕೊಳ್ಳಿ ಸರ್, ಮುಂದೆ ವಿಂಟೇಜ್ ಆಗುತ್ತೆ, ಬೆಲೆ ಡಬಲ್' ಅಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ದೇಶದ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಬೇಕು. 2017ರ ಕಾರಿಗೆ ಅದು 2067. ಅಷ್ಟರೊಳಗೆ 15 ವರ್ಷ ತುಂಬಿದಾಗ ಎಫ್‌ಸಿ (ಕಾರು ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ), ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರನ್ನು ಸೈಟಿನ ಹಾಗೆ ಲೆಕ್ಕ ಹಾಕಿಸುವ ಬ್ರೋಕರ್‌ಗಳಿಂದ ಎಷ್ಟೋ ಮನೆಗಳಲ್ಲಿ ದುಡ್ಡು ಕರಗಿದೆ.

ಸರ್ವಿಸ್ ದಾಖಲೆ ಪೂರ್ತಿ ಇದೆ, ಬಾಡಿ ಒರಿಜಿನಲ್ ಇದೆ, ಹಣ ಪಕ್ಕಕ್ಕಿದೆ, ಆ ಸದ್ದು ಕೇಳಿದರೆ ನಿಮಗೆ ಖುಷಿ ಆಗುತ್ತದೆ ಅಂದರೆ ತಗೊಳ್ಳಿ. ಭಾವನ ಬಾಯಿ ಮುಚ್ಚಿಸಲು ಅಂದರೆ ಬೇಡ. ಅವರು ಮುಂದಿನ ಹಬ್ಬಕ್ಕೆ ಇನ್ನೊಂದು ಹೇಳುತ್ತಾರೆ.

ಪ್ರಶ್ನೆ: ನನ್ನ 2014ರ ಕಾರಿಗೆ ಹೊಸ ಮಾಡೆಲಿನ ಬಂಪರ್, ಲೈಟ್ ಹಾಕಿಸಿ ಹೊಸದರ ಹಾಗೆ ಮಾಡಿಸಬಹುದೇ? (ಕುವೆಂಪುನಗರ, ಮೈಸೂರು)

ಬೇಡ. ಗೊತ್ತಿರುವವರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ, ಕಾರಿನ ಬೆಲೆ ಅಲ್ಲೇ ಇಳಿಯುತ್ತದೆ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಹಳೇ ಎಂಜಿನ್ನಿಗೆ ಪವರ್ ಬರುತ್ತಂತೆ? (ಪಾಂಡವಪುರ)

ಬರುವುದಿಲ್ಲ. ಪೆಟ್ರೋಲ್ ಅಯಸ್ಕಾಂತಕ್ಕೆ ಬದಲಾಗುವ ವಸ್ತುವಲ್ಲ. ಅದನ್ನು ಮಾರುವವರು ಕಳ್ಳರು. ಆ ದುಡ್ಡಿಗೆ ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿ.

ಪ್ರಶ್ನೆ: ದೆಹಲಿಯಿಂದ ಹಳೇ ಸ್ಪೋರ್ಟ್ಸ್ ಕಾರು ಅರ್ಧ ಬೆಲೆಗೆ ಬರುತ್ತದೆ. ತರಿಸಲೇ? (ಮಂಡ್ಯ)

ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ, ಸಾಗಣೆ ಎಲ್ಲ ಕೂಡಿಸಿ ನೋಡಿ, ಅರ್ಧ ಬೆಲೆ ಉಳಿಯುವುದಿಲ್ಲ. ತೆರಿಗೆ ಕಟ್ಟದೆ ಹೊರರಾಜ್ಯದ ನಂಬರಿನಲ್ಲೇ ಓಡಿಸುವ ಯೋಚನೆ ಇದ್ದರೆ, ಆರ್‌ಟಿಒ ಕಾರು ಹಿಡಿದ ದಿನ ನನಗೆ ಫೋನ್ ಮಾಡಬೇಡಿ.

ಪ್ರಶ್ನೆ: ನಮ್ಮ ತಾತನವರ 1969ರ ಜಾವಾ ಮನೆಯಲ್ಲಿದೆ. ತಾತ ಹೋಗಿ ಎಂಟು ವರ್ಷ. ಕಿಕ್ಕರ್ ತಿರುಗುತ್ತದೆ. ಪೇಂಟ್ ಮಾಡಿಸಿ ಷೋಗೆ ಇಡೋಣ ಅಂತಾರೆ ಅಪ್ಪ. (ಒಂಟಿಕೊಪ್ಪಲು, ಮೈಸೂರು)

ಪೇಂಟ್ ಮಾಡಿಸಬೇಡಿ, ಅಮ್ಮಾ. ನಿಮ್ಮ ತಂದೆಗೆ ನನ್ನ ಹೆಸರು ಹೇಳಿ ತಡೆಯಿರಿ. ಟ್ಯಾಂಕಿನ ಮೇಲೆ ತಾತನವರ ಮೊಣಕಾಲು ತಾಗಿ ಬಣ್ಣ ಸವೆದಿರುತ್ತದಲ್ಲ, ಆ ಗುರುತು ಮತ್ತೆ ಯಾರೂ ಮಾಡಲಾರರು. ಕಿಕ್ಕರ್ ತಿರುಗುವುದೇ ದೊಡ್ಡ ಸುದ್ದಿ, ಅಂದರೆ ಪಿಸ್ಟನ್ ಕಚ್ಚಿಕೊಂಡಿಲ್ಲ. ಆದರೆ ಈಗಲೇ ಸ್ಟಾರ್ಟ್ ಮಾಡಲು ಹೋಗಬೇಡಿ. ಟ್ಯಾಂಕ್ ಬಿಚ್ಚಿ ತುಕ್ಕು ತೊಳೆಸಬೇಕು, ಕಾರ್ಬುರೇಟರ್ ಬಿಚ್ಚಬೇಕು, ಪೆಟ್ರೋಲ್ ಪೈಪ್ ಎಲ್ಲ ಹೊಸದು ಹಾಕಬೇಕು, ಎರಡು ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲೇ ಹಾಕಬೇಕು.

50 ವರ್ಷ ದಾಟಿರುವುದರಿಂದ 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಬೈಕುಗಳಿಗೂ ಅನ್ವಯಿಸುತ್ತದೆ. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ, 10 ವರ್ಷದ ಅವಧಿ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುವುದು ಷರತ್ತು. ತಾತನವರ ಹೆಸರಿನಲ್ಲಿ ಆರ್‌ಸಿ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಟ್ರಂಕಿನಲ್ಲಿ ಬಿಲ್, ಇನ್ಶೂರೆನ್ಸ್ ಚೀಟಿ, ಟೂಲ್ ಕಿಟ್ ಏನೇ ಸಿಕ್ಕಿದರೂ ಎಸೆಯಬೇಡಿ. ಚಾಸಿ ನಂಬರ್ ಇರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆತ್ತಗೆ ಒರೆಸಿ, ಉಜ್ಜುಕಾಗದ ಬೇಡ. ಫೋಟೋ ತೆಗೆದು ಕಳಿಸಿ, ಆರ್‌ಸಿಯ ಜೊತೆ ಹೊಂದಿಸಿ ನೋಡಿ ಹೇಳುತ್ತೇನೆ.