‘ತರ್ಕ’, ‘ಎ’ ಥರದ ಚಿತ್ರಗಳನ್ನು ಜನ ಇನ್ನೂ ಯಾಕೆ ನೋಡುತ್ತಾರೆ? ಶಿರಸಿಯಲ್ಲಿ ತೋರಿಸುವುದಾದರೆ ಹೇಗೆ?

ನೀವು ಎರಡು ಕೇಳಿದ್ದೀರಿ. ‘ತರ್ಕ’, ‘ಎ’ ಎರಡನ್ನೂ ಮೊಬೈಲಿನಲ್ಲಿ ನೋಡಿದೆ, ಅಂಥದ್ದೇನೂ ಕಾಣಲಿಲ್ಲ, ಜನ ಯಾಕಿಷ್ಟು ಹಚ್ಚಿಕೊಂಡಿದ್ದಾರೆ ಅನ್ನುವುದು ಒಂದು. ಮಳೆಗಾಲ ಮುಗಿದ ಮೇಲೆ ಶಿರಸಿಯಲ್ಲಿ ನಿಮ್ಮ ಬಳಗದವರು ಒಂದು ಹಳೆಯ ಚಿತ್ರ ತೋರಿಸಬೇಕೆಂದಿದ್ದಾರೆ, ಹೇಗೆ ಅನ್ನುವುದು ಇನ್ನೊಂದು. ನನ್ನ ಪ್ರಕಾರ ಎರಡೂ ಬಂದು ನಿಲ್ಲುವುದು ನೀವು ನೋಡಿದ ಕಾಪಿ ಎಂಥದ್ದು ಅನ್ನುವಲ್ಲಿ.

ನೀವು ನಮ್ಮ ಜಿಲ್ಲೆಯವರೇ ಆದ್ದರಿಂದ ಯಕ್ಷಗಾನದಿಂದಲೇ ಹೇಳುತ್ತೇನೆ. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆ ಅನ್ನುವುದು ಹೊನ್ನಾವರದಿಂದ ಸಿದ್ದಾಪುರದವರೆಗೆ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇದೆ ಅಂದರೆ ಜನ ಬೆಳಗಿನವರೆಗೂ ಕೂರುತ್ತಿದ್ದರು. ಕಥೆ ಗೊತ್ತಿರುವುದರಿಂದಲೇ ಕಣ್ಣು ಬೇರೆ ಕಡೆ ಹೋಗುತ್ತದೆ: ಪ್ರವೇಶ ಹೇಗೆ, ಚಂಡೆಗೆ ಹೆಜ್ಜೆ ಎಲ್ಲಿ ಕೂಡಿತು, ಇವತ್ತಿನ ಮೋಹಿನಿ ಎದುರು ನಿಂತಳೋ ಸೋತಳೋ. ಹಳೆಯ ಚಿತ್ರಗಳಲ್ಲಿ ಕೆಲವನ್ನು ಮಾತ್ರ ಜನ ಹೀಗೆ ಪ್ರಸಂಗದ ಹಾಗೆ ಮತ್ತೆ ಮತ್ತೆ ನೋಡುತ್ತಾರೆ. ಹಳೆಯ ನೆನಪಿನ ಸೆಳೆತ ಅನ್ನುವ ವಿವರಣೆ ನನಗೆ ಒಪ್ಪಿಗೆಯಿಲ್ಲ. ಈ ಚಿತ್ರಗಳು ತೆರೆಕಂಡಾಗ ಹುಟ್ಟಿರದವರೂ ಇವುಗಳ ಮಾತುಗಳನ್ನು ಬಾಯಿಪಾಠ ಒಪ್ಪಿಸುತ್ತಾರಲ್ಲ.

‘ತರ್ಕ’ವನ್ನೇ ನೋಡಿ. 1989ರ ಚಿತ್ರ, ಸುನೀಲ್ ಕುಮಾರ್ ದೇಸಾಯಿ ನಿರ್ದೇಶನ, ಶಂಕರ್ ನಾಗ್ ಇದ್ದಾರೆ, ಒಂದೂ ಹಾಡಿಲ್ಲ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಮೊದಲ ಸಲ ನೋಡುವಾಗ ನಮ್ಮ ಗಮನವೆಲ್ಲ ಕೊಲೆ ಮಾಡಿದವರು ಯಾರು ಅನ್ನುವುದರ ಮೇಲೆ. ಎರಡನೇ ಸಲ ಉತ್ತರ ಗೊತ್ತಿರುತ್ತದೆ. ಆಗ ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರ ಮುಖ ನೋಡಲು ಶುರುಮಾಡುತ್ತೇವೆ. ಯಾರು ಯಾವ ಮಾತಿಗೆ ಕಣ್ಣು ತಪ್ಪಿಸಿದರು, ಯಾರು ಉತ್ತರಕ್ಕೆ ಅರೆಗಳಿಗೆ ತಡಮಾಡಿದರು ಅನ್ನುವುದೇ ಆಗ ಕಥೆ. ಉಪೇಂದ್ರರ ‘ಎ’ (1998) ಇನ್ನೊಂದು ಬಗೆ. ಘಟನೆಗಳನ್ನು ಹಿಂದುಮುಂದು ಮಾಡಿ ಕೊಟ್ಟಿರುವುದರಿಂದ ಮೊದಲ ಸಲ ತಲೆ ಗಿರ್ ಅನ್ನುತ್ತದೆ. ಮೂರನೇ ಸಲಕ್ಕೆ ಯಾವ ತುಂಡು ಎಲ್ಲಿ ಕೂರುತ್ತದೆ ಅಂತ ಜೋಡಿಸುವ ಸುಖ ಸಿಗುತ್ತದೆ. ‘ನಮ್ಮೂರ ಮಂದಾರ ಹೂವೇ’ (1996) ನಮ್ಮ ಯಾಣವನ್ನು ತೋರಿಸಿದ ಚಿತ್ರ. ನಮ್ಮ ಕಡೆಯವರು ಅದರಲ್ಲಿ ಕಥೆಗಿಂತ ಕಾಡು, ದಾರಿ, ಬಂಡೆ ನೋಡುತ್ತಾರೆ.

ಈಗ ಈ ಮೂರನ್ನೂ ಕೆಟ್ಟ ಕಾಪಿಯಲ್ಲಿ ನೋಡಿದರೆ ಏನಾಗುತ್ತದೆ? ಚೌಕಾಕಾರದ ಟಿವಿಗೆ ಹೊಂದಿಸಲು ಅಕ್ಕಪಕ್ಕ ಕತ್ತರಿಸಿದ್ದರೆ ಅಂಚಿನಲ್ಲಿ ನಿಂತು ಕೇಳಿಸಿಕೊಳ್ಳುವವರೇ ಮಾಯ. ಅದನ್ನೇ ಮತ್ತೆ ಅಗಲ ಪರದೆಗೆಂದು ಮೇಲೆ ಕೆಳಗೆ ಕತ್ತರಿಸಿದ್ದರೆ ಹಣೆಯೂ ಹೋಯಿತು. ಟಿವಿಯ ಸಮಯಕ್ಕಾಗಿ ಐದು ನಿಮಿಷ ಕಿತ್ತಿದ್ದರೆ ‘ಎ’ಯ ಗಂಟು ಬಿಡಿಸಲು ಬೇಕಾದ ಎಳೆಯೇ ಇಲ್ಲ. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಕುಗ್ಗಿಸಿದ ಫೈಲಿನಲ್ಲಿ ಬರೀ ಕರಿ ಮಚ್ಚೆ. ಕಥೆ ಮಾತ್ರ ನಿಮಗೆ ಮುಟ್ಟಿತು, ಮತ್ತೆ ನೋಡಿಸುವಂಥದ್ದು ಯಾವುದೂ ಮುಟ್ಟಲಿಲ್ಲ.

ಹಾಗಾಗಿ ತೋರಿಸುವ ಮೊದಲು ಕಾಪಿ ಪೂರ್ತಿ ಇದೆಯೇ ನೋಡಿ. ಶುರುವಿಗೆ ಬರುವ ಸೆನ್ಸಾರ್ ಪ್ರಮಾಣಪತ್ರವನ್ನು ಎಲ್ಲರೂ ಓಡಿಸಿಬಿಡುತ್ತಾರೆ, ನೀವು ಅಲ್ಲೇ ನಿಲ್ಲಿಸಿ. ಅದರಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಇರುತ್ತದೆ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತದೆ, ಒಂದು ಅಡಿಗೆ 16 ಚೌಕಟ್ಟು, ಅಂದರೆ ನಿಮಿಷಕ್ಕೆ 90 ಅಡಿ, ಸುಮಾರು 27.4 ಮೀಟರ್. ಪತ್ರದಲ್ಲಿ 4000 ಮೀಟರ್ ಅಂತಿದ್ದರೆ 27.4ರಿಂದ ಭಾಗಿಸಿ: 146 ನಿಮಿಷ. ನಿಮ್ಮ ಫೈಲು 140 ನಿಮಿಷವಿದ್ದರೆ ಗಾಬರಿ ಬೇಡ. ಪಾಲ್ ಅನ್ನುವ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು ಓಡುವುದರಿಂದ ಶೇ. 4ರಷ್ಟು ಸಮಯ ಕಡಿಮೆಯಾಗುತ್ತದೆ, ದನಿಯ ಶ್ರುತಿಯೂ ಸ್ವಲ್ಪ ಏರುತ್ತದೆ. 125 ನಿಮಿಷವಿದ್ದರೆ ಮಾತ್ರ ಅದು ಕತ್ತರಿಯ ಕೆಲಸ, ಬೇರೆ ಕಾಪಿ ಹುಡುಕಿ. ಚಿತ್ರದ ಮಧ್ಯೆ ಬಲ ಮೇಲ್ಮೂಲೆಯಲ್ಲಿ ಕಪ್ಪು ಚುಕ್ಕಿ ಮಿನುಗಿ ಹೋದರೆ ಅದು ದೋಷವಲ್ಲ. ರೀಲು ಮುಗಿಯುತ್ತಿದೆ, ಇನ್ನೊಂದು ಪ್ರೊಜೆಕ್ಟರ್ ಶುರುಮಾಡು ಅಂತ ಆಪರೇಟರಿಗೆ ಇಟ್ಟ ಗುರುತು. ಟಾಕೀಸುಗಳಲ್ಲಿ ಸವೆದ ಪ್ರಿಂಟಿನಿಂದ ಮಾಡಿದ ಕಾಪಿಯಾದರೆ ಆ ಚುಕ್ಕಿಯ ಆಸುಪಾಸಿನಲ್ಲೇ ಮಾತು ತುಂಡಾಗಿರುತ್ತದೆ, ಅಲ್ಲಿ ಕಿವಿಗೊಟ್ಟು ಕೇಳಿ.

ಇಡೀ ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಈಸ್ಟ್‌ಮನ್ ಕಲರ್ ಪ್ರಿಂಟಿನ ಹಳೆಯ ರೋಗ. ನೀಲಿ-ಹಸಿರಿನ ಪದರ ಮೊದಲು ಮಾಸಿ, ಕೆಂಪು ಉಳಿಯುತ್ತದೆ. ಪ್ರೊಜೆಕ್ಟರಿನ ಸೆಟ್ಟಿಂಗಿನಲ್ಲಿ ಕೆಂಪನ್ನು ಕೊಂಚ ಇಳಿಸಿದರೆ ನೋಡುವಂತಾಗುತ್ತದೆ, ಹೋದ ಬಣ್ಣ ಮಾತ್ರ ವಾಪಸು ಬರುವುದಿಲ್ಲ. ಕಾರವಾರ, ಅಂಕೋಲೆಯ ಕಡೆ ಯಾರದ್ದಾದರೂ ಮನೆಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ ಸಿಕ್ಕಿದರೆ ಮೊದಲು ಕ್ಯಾಸೆಟ್ಟಿನ ಮೇಲಿನ ಪುಟ್ಟ ಕಿಟಕಿಯಲ್ಲಿ ಸುರುಳಿ ನೋಡಿ. ಕಡಲ ತೇವಕ್ಕೆ ಬೂಷ್ಟು ಹಿಡಿದು ಬಿಳಿ ಪುಡಿ ಕೂತಿದ್ದರೆ ವಿಸಿಆರಿಗೆ ಹಾಕಲೇಬೇಡಿ. ಟೇಪ್ ಓದುವ ಹೆಡ್ಡಿಗೆ ಬೂಷ್ಟು ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ.

ಇನ್ನು ತೋರಿಸುವ ದಿನ. ಬಯಲಿಗಿಂತ ಬಾಗಿಲು ಮುಚ್ಚಿ ಕತ್ತಲು ಮಾಡಬಹುದಾದ ಸಭಾಭವನ ಒಳ್ಳೆಯದು. ಪರದೆ 8 ಅಡಿ ಅಗಲವಿದ್ದರೆ 3000 ಲ್ಯೂಮೆನ್ಸ್ (ಬೆಳಕಿನ ಅಳತೆ) ಪ್ರೊಜೆಕ್ಟರ್ ಧಾರಾಳ ಸಾಕು. ಅದರ ಥ್ರೋ ರೇಶಿಯೋ, ಅಂದರೆ ಪರದೆಯ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಅನ್ನುವ ಲೆಕ್ಕ, 1.5 ಆಗಿದ್ದರೆ ಪರದೆಯಿಂದ 12 ಅಡಿ ದೂರ ಇಡಬೇಕು, ಕುರ್ಚಿ ಹಾಕುವ ಮೊದಲೇ ಅಳೆದು ಗುರುತು ಮಾಡಿ. ಬಿಳಿ ಪಂಚೆ ಒಂದೇ ಪದರ ಕಟ್ಟಿದರೆ ಅರ್ಧ ಬೆಳಕು ಹಿಂದೆ ಸೋರುತ್ತದೆ, ಎರಡು ಪದರ ಮಾಡಿ ನಾಲ್ಕೂ ಬದಿ ಎಳೆದು ಕಟ್ಟಿ. ಕಂಪ್ಯೂಟರಿನಲ್ಲಿ ಚಿತ್ರ ಓಡಿಸಲು ವಿಎಲ್‌ಸಿ ತಂತ್ರಾಂಶ ಬಳಸುವುದಾದರೆ ಇಂಗ್ಲಿಷಿನ ನಾಲ್ಕು ಕೀ ನೆನಪಿಡಿ. ಮುಖಗಳು ಅಡ್ಡಡ್ಡ ಹಿಗ್ಗಿದ್ದರೆ ‘ಎ’ ಒತ್ತುತ್ತ ಹೋಗಿ. ಓಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬಂದರೆ ‘ಡಿ’. ತುಟಿಗೂ ಮಾತಿಗೂ ಹೊಂದದಿದ್ದರೆ ‘ಜೆ’ ಅಥವಾ ‘ಕೆ’, ಒಂದು ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ. ಪರದೆ ತುಂಬಲಿಲ್ಲ ಅಂತ ಯಾರಾದರೂ ಗೊಣಗಿದರೂ ಚಿತ್ರವನ್ನು ಎಳೆದು ತುಂಬಿಸಬೇಡಿ.

ಧ್ವನಿಯಲ್ಲೇ ಹೆಚ್ಚು ಜನ ಎಡವುವುದು. ಈ ಹಳೆಯ ಚಿತ್ರಗಳಲ್ಲಿ ಬಹುಪಾಲು ಮೋನೋ, ಅಂದರೆ ಧ್ವನಿ ಒಂದೇ ಪಟ್ಟಿಯದ್ದು. ಮದುವೆಗೆ ತರುವ ದೊಡ್ಡ ಬಾಕ್ಸ್‌ಗಳನ್ನು ಸಭಾಭವನದ ನಾಲ್ಕು ಮೂಲೆಗೆ ಇಟ್ಟರೆ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಒಂದೇ ಒಳ್ಳೆಯ ಸ್ಪೀಕರನ್ನು ಪರದೆಯ ಕೆಳಗೆ ನಡುವೆ ಇಡಿ, ಬೇಸ್ ಇಳಿಸಿ, 8000 ಹರ್ಟ್ಸ್‌ನಿಂದ ಮೇಲಿನದನ್ನು ತಗ್ಗಿಸಿ. ಅಲ್ಲಿಂದ ಮೇಲೆ ಹಳೆಯ ಫಿಲ್ಮಿನ ಧ್ವನಿಪಟ್ಟಿಯಲ್ಲಿ ಸುಂಯ್ ಅನ್ನುವ ಸದ್ದು ಬಿಟ್ಟರೆ ಹೆಚ್ಚೇನೂ ಇಲ್ಲ. ಖಾಲಿ ಸಭಾಭವನದಲ್ಲಿ ಸರಿ ಅನಿಸಿದ ದನಿ ಜನ ತುಂಬಿದ ಮೇಲೆ ಸಣ್ಣದಾಗುತ್ತದೆ, ಸ್ವಲ್ಪ ಏರಿಸಲು ಜಾಗ ಉಳಿಸಿಕೊಳ್ಳಿ. ಯುಪಿಎಸ್ ಬೇಕೇ ಬೇಕು. ದೀಪದ ಪ್ರೊಜೆಕ್ಟರ್ ಆಗಿದ್ದರೆ ಕರೆಂಟು ಹೋದಾಗ ಫ್ಯಾನ್ ತಿರುಗಿ ದೀಪ ತಣಿಯುವಷ್ಟಾದರೂ ಸಮಯ ಸಿಗಬೇಕು, ಇಲ್ಲದಿದ್ದರೆ ದೀಪದ ಆಯುಷ್ಯ ಕಡಿಮೆಯಾಗುತ್ತದೆ.

ಅನುಮತಿಯ ವಿಷಯ ಮರೆಯಬೇಡಿ. ನಮ್ಮಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ 60 ವರ್ಷ. ನೀವು ಹೇಳಿದ ಎಲ್ಲ ಚಿತ್ರಗಳೂ ಇನ್ನೂ ಅದರೊಳಗೇ ಇವೆ, ಟಿಕೆಟ್ ಇಡದಿದ್ದರೂ ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕೇಳುವಾಗ ಅವರ ಬಳಿ ಒಳ್ಳೆಯ ಕಾಪಿ ಇದೆಯೇ ಅಂತಲೂ ಕೇಳಿ, ಎಷ್ಟೋ ಸಲ ನಿಜವಾದ ಲಾಭ ಅದೇ.

ಮೊದಲಿಗೆ ‘ಎ’ ಬೇಡ, ಅದು ಈಗಾಗಲೇ ಒಮ್ಮೆ ನೋಡಿದವರ ಮಧ್ಯೆ ಕೂತು ನೋಡಬೇಕಾದ್ದು. ಶಿರಸಿಯಲ್ಲಿ ‘ನಮ್ಮೂರ ಮಂದಾರ ಹೂವೇ’ಗೆ ಜನ ತಾವಾಗಿ ಬರುತ್ತಾರೆ, ಎರಡನೇ ತಿಂಗಳು ‘ತರ್ಕ’ ಇಡಿ. ಅದಕ್ಕೆ ಬರುವಾಗ ಗುಟ್ಟು ಬಿಟ್ಟುಕೊಡಬೇಡಿ ಅಂತ ನೋಡಿದವರಿಗೆ ಬಾಗಿಲಲ್ಲೇ ಹೇಳಿ. ನಿಮಗೆ ಬೇಕಾದಲ್ಲಿ ನಿಲ್ಲಿಸದೆ ಚಿತ್ರದಲ್ಲೇ ವಿಶ್ರಾಂತಿ ಅಂತ ಬಂದಲ್ಲಿ ನಿಲ್ಲಿಸಿ. ಚಹಾಕ್ಕೆ 15 ನಿಮಿಷ ಬಿಡಿ, ಆ ಹೊತ್ತಿನಲ್ಲೇ ಜನ ಯಾರ ಮೇಲೆ ಅನುಮಾನ ಅಂತ ವಾದಕ್ಕೆ ಇಳಿಯುತ್ತಾರೆ. ಮತ್ತೆ ಶುರುಮಾಡುವಾಗ 10 ಸೆಕೆಂಡು ಹಿಂದಿನಿಂದ ಬಿಡಿ, ಎಲ್ಲರೂ ಕೂತು ಸುಮ್ಮನಾಗಲು ಅಷ್ಟು ಬೇಕು.