ಗಾಳಿ, ಮೋಡ ಮತ್ತು ರದ್ದಿ ಅಂಗಡಿ

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಹಾಂಗ್‌ಕಾಂಗ್ ಕಾಮಿಕ್ಸ್‌ಗೆಂದು ನಾಲ್ಕು ಪುಟ ಹಾಳು ಮಾಡಿದ್ದೀರಿ. ಅಂಥದೊಂದು ಕಾಮಿಕ್ಸಿನಿಂದ ಮಾಡಿದ ‘ದ ಸ್ಟಾರ್ಮ್ ರೈಡರ್ಸ್’ ಸಿನಿಮಾ ನೋಡಿದ್ದೇನೆ, ಅದ್ಭುತ. ಮನೆ ಕಟ್ಟಿದ ಮೇಲೆ ನಕ್ಷೆ ಹಿಡಿದು ಕೂರುವವರುಂಟೇ? ನನ್ನಲ್ಲೂ ಬಾಲ್ಯದ ಎರಡು ಪೆಟ್ಟಿಗೆ ಕಾಮಿಕ್ಸ್ ಇವೆ, ಈ ಭಾನುವಾರ ರದ್ದಿಗೆ. – ಓದುಗ, ದಾವಣಗೆರೆ

ಉತ್ತರ: ಸ್ವಾಮಿ, ನಿಮ್ಮ ಪತ್ರ ಓದುವಾಗ ಕಾಫಿ ಆರಿಹೋಯಿತು. ಸಿನಿಮಾ ಅದ್ಭುತ ಅಂದಿರಿ, ಒಪ್ಪಿದೆ. 1998ರಲ್ಲಿ ಬಂದದ್ದು. ಹಾಂಗ್‌ಕಾಂಗ್ ಚಿತ್ರರಂಗ ಸೊರಗಿದ್ದ ಕಾಲದಲ್ಲಿ ನಾಲ್ಕು ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೀರಿ ಗಳಿಸಿತು. ನಿರ್ದೇಶಕ ಆಂಡ್ರ್ಯೂ ಲಾವ್ ಮೂಲತಃ ಛಾಯಾಗ್ರಾಹಕ, ಹಾಗಾಗಿ ಕಣ್ಣಿಗೆ ಮೋಸವಿಲ್ಲ. ‘ಗಾಳಿ’ ಎಂಬ ನಾಯಕನಾಗಿ ಏಕಿನ್ ಚೆಂಗ್, ‘ಮೋಡ’ ಎಂಬ ಇನ್ನೊಬ್ಬನಾಗಿ ಆರನ್ ಕ್ವಾಕ್, ಖಳನಾಗಿ ಜಪಾನಿನ ಸನ್ನಿ ಚಿಬಾ. ಚಿಬಾ ಸುಮ್ಮನೆ ನಿಂತರೂ ಪರದೆ ತುಂಬುತ್ತದೆ. ಹೊಗಳಿಕೆ ಇಲ್ಲಿಗೆ ಸಾಕು.

ಈಗ ನೀವು ‘ನಕ್ಷೆ’ ಎಂದು ಕರೆದದ್ದರ ವಿಷಯ. ಮಾ ವಿಂಗ್‌ಶಿಂಗ್ ಎಂಬ ಕಲಾವಿದ 1989ರಲ್ಲಿ ಶುರುಮಾಡಿದ ಕಾಮಿಕ್ಸ್ ‘ಫುಂಗ್ ವಾನ್’ ಅದು; ಗಾಳಿ-ಮೋಡ ಎಂದು ಅರ್ಥ. ಅದಕ್ಕೂ ಮೊದಲು ಆತ ಬರೆದ ಇನ್ನೊಂದು ಕಾಮಿಕ್ಸನ್ನೂ ಇದೇ ಲಾವ್ 1999ರಲ್ಲಿ ಇದೇ ಚೆಂಗ್‌ನನ್ನು ಹಾಕಿಕೊಂಡು ಸಿನಿಮಾ ಮಾಡಿದರು. ನಕ್ಷೆ ಬರೆದವನ ಮನೆಗೆ ಮೇಸ್ತ್ರಿ ಮತ್ತೆ ಮತ್ತೆ ಯಾಕೆ ಹೋದ ಅಂತ ಯೋಚಿಸಿ.

ಹಾಂಗ್‌ಕಾಂಗಿನಲ್ಲಿದ್ದ ನೆಂಟರೊಬ್ಬರು ‘ಫುಂಗ್ ವಾನ್’ನ ಒಂದು ಹಳೆಯ ಸಂಚಿಕೆ ತಂದುಕೊಟ್ಟಿದ್ದರು. ತೆಳ್ಳನೆಯ ಪುಸ್ತಕ. ನನಗೆ ಚೀನೀ ಅಕ್ಷರ ಒಂದೂ ಬಾರದು. ಎಡದಿಂದ ಓದತೊಡಗಿ, ಸತ್ತವನು ಎದ್ದು ಜಗಳಕ್ಕೆ ನಿಂತಾಗ, ಓ ಇದನ್ನು ಬಲದಿಂದ ಓದಬೇಕು ಅಂತ ಹೊಳೆಯಿತು. ಒಂದು ಪುಟದಲ್ಲಿ ಗಾಳಿ ಒದೆಯುತ್ತಾನೆ. ಕಾಲಿನ ಗೆರೆ ಕಟ್ಟು ದಾಟಿ ಪಕ್ಕದ ಚೌಕಕ್ಕೆ ನುಗ್ಗಿದೆ, ಕೂದಲ ಎಳೆ ಎಳೆಗೂ ಬೇರೆ ಬೇರೆ ಶಾಯಿ. ಆ ಒದೆ ಇನ್ನೂ ತಗುಲಿಲ್ಲ. ನಾನು ಪುಟ ತಿರುಗಿಸುವ ತನಕ ತಗುಲುವುದೂ ಇಲ್ಲ. ಸಿನಿಮಾದಲ್ಲಿ ಅದೇ ಒದೆ ರೆಪ್ಪೆ ಬಡಿಯುವುದರೊಳಗೆ ಮುಗಿದು, ಕಂಪ್ಯೂಟರಿನ ನೀರೂ ಬೆಂಕಿಯೂ ಮೇಲೆ ಬಿದ್ದಿರುತ್ತವೆ. ಆ ಕಾಲಕ್ಕೆ ಬೆರಗು ಹುಟ್ಟಿಸಿದ ಆ ಗ್ರಾಫಿಕ್ಸ್ ಈಗ ನೋಡಿದರೆ ಹಳೆ ವಿಡಿಯೋ ಗೇಮಿನಂತಿದೆ. ಶಾಯಿಗೆ ಆ ಗತಿ ಬಂದಿಲ್ಲ.

ಒಂದು ಕಡೆ ಮಾತ್ರ ನಾನು ಸೋಲೊಪ್ಪುತ್ತೇನೆ. ಕಥೆಯಲ್ಲೊಬ್ಬ ಖಡ್ಗ ಸಂತನಿದ್ದಾನೆ, ಆಂಥನಿ ವಾಂಗ್ ಮಾಡಿದ ಪಾತ್ರ. ಕೊನೆಗಾಲದಲ್ಲಿ ಅವನ ಆತ್ಮ ದೇಹ ಬಿಟ್ಟು ಬಂದು ಖಡ್ಗ ಎತ್ತಿದಾಗ ಸುತ್ತಲಿನ ಕಾಲವೇ ನಿಂತುಬಿಡುತ್ತದೆ. ಮೊದಲೇ ನಿಂತಿರುವ ಚಿತ್ರದಲ್ಲಿ ‘ನಿಂತಿತು’ ಅಂತ ಹೇಳುವುದು ಹೇಗೆ? ಓಡುವ ಸಿನಿಮಾಕ್ಕೆ ಅದು ಸಲೀಸು. ಆ ಒಂದು ಅಂಕ ನಿಮಗೆ.

ಅಲ್ಲ, ನಾವು ಕನ್ನಡಿಗರು ಈ ಮಾತಾಡಬಹುದೇ? ತಾಳಮದ್ದಳೆಯಲ್ಲಿ ಕರ್ಣ ಪಂಚೆ ಉಟ್ಟು ಕುಳಿತಲ್ಲೇ ರಥದಿಂದ ಇಳಿಯುತ್ತಾನೆ. ಬಾಣವಿಲ್ಲ, ಕಿರೀಟವಿಲ್ಲ. ಭಾಗವತರ ಪದ, ಚೆಂಡೆಯ ಪೆಟ್ಟು, ಅರ್ಥಧಾರಿಯ ಮಾತು, ಅಷ್ಟೇ. ಚಕ್ರ ಹೂತದ್ದು ನಮಗೆ ಕಾಣುತ್ತದೆ. ‘ಇದನ್ನು ಸಿನಿಮಾ ಮಾಡಿದ್ದಾರಲ್ಲ, ಇನ್ಯಾಕೆ’ ಅಂತ ಅಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಕಾಮಿಕ್ಸ್ ಅಂದ ಕೂಡಲೇ ಮಾತ್ರ ಮೂಗು ಮುರಿಯುತ್ತೇವೆ.

ನನಗಿದು ಹಳೆಯ ಗಾಯ. ಆರನೇ ಕ್ಲಾಸಿನಲ್ಲಿ ಸಮಾಜ ಪುಸ್ತಕದೊಳಗಿಟ್ಟು ಓದುತ್ತಿದ್ದ ಕಾಮಿಕ್ಸನ್ನು ಮೇಷ್ಟ್ರು ಕಿತ್ತುಕೊಂಡು ನಡುವಿಗೆ ಹರಿದರು. ಬಾಡಿಗೆ ಲೈಬ್ರರಿಯದು. ದಂಡ ಕಟ್ಟಲು ದುಡ್ಡಿಲ್ಲದೆ ವಾರಗಟ್ಟಲೆ ಆ ಬೀದಿ ತಪ್ಪಿಸಿ ಓಡಾಡಿದೆ. ಹೊಡೆತ ಮರೆತಿದೆ. ಎರಡಾದ ರಕ್ಷಾಪುಟ ಮರೆತಿಲ್ಲ.

ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? ಹಾಂಗ್‌ಕಾಂಗಿನಲ್ಲಿ ಮಾ ವಿಂಗ್‌ಶಿಂಗ್ ಹೆಸರು ನೋಡಿಯೇ ಪುಸ್ತಕ ಕೊಳ್ಳುವವರಿದ್ದರು. ಮುಖ ಬರೆಯುವವನೊಬ್ಬ, ಬೆಟ್ಟಗುಡ್ಡಕ್ಕೆ ಇನ್ನೊಬ್ಬ, ಬಣ್ಣಕ್ಕೆ ಮತ್ತೊಬ್ಬ ಎಂದು ಒಂದು ಸ್ಟುಡಿಯೋವೇ ದುಡಿಯುತ್ತಿತ್ತು. ನಮ್ಮಲ್ಲಿ ಕಥೆಗೆ ಚಿತ್ರ ಬರೆದವರ ಹೆಸರು ಮೂಲೆಯಲ್ಲಿ ಇರುವೆ ಗಾತ್ರ. ಅದನ್ನೂ ಹೋದ ತಿಂಗಳು ನಮ್ಮದೇ ಪುಟ ಕಟ್ಟುವಾಗ ಕತ್ತರಿಸಿಬಿಟ್ಟಿದ್ದೆವು. ಕಲಾವಿದರು ಫೋನ್ ಮಾಡಿ ಬೈಯಲಿಲ್ಲ, ‘ಪರವಾಗಿಲ್ಲ ಬಿಡಿ, ಅಭ್ಯಾಸವಾಗಿದೆ’ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನಿಮಗೆ ಇಷ್ಟವಾದ ಸಿನಿಮಾದ ಆ ಖಳ ಇದ್ದಾನಲ್ಲ, ಅವನ ಕಥೆ ನೆನಪಿಸಿಕೊಳ್ಳಿ. ಗಾಳಿ-ಮೋಡ ಸಿಕ್ಕರೆ ನಿನಗೆ ಏಳಿಗೆ ಅನ್ನುವ ಅರ್ಧ ಭವಿಷ್ಯ ಕೇಳಿ ಆ ಹೆಸರಿನ ಇಬ್ಬರು ಹುಡುಗರನ್ನು ತಂದು ಸಾಕುತ್ತಾನೆ. ಅವರಿಂದಲೇ ಪತನ ಅನ್ನುವ ಉಳಿದರ್ಧ ತಿಳಿಯುವುದು ಬಹಳ ತಡವಾಗಿ. ನಮ್ಮ ಕಂಸನೇ ವಾಸಿ, ಅಶರೀರವಾಣಿಯನ್ನು ಪೂರ್ತಿ ಕೇಳಿಸಿಕೊಂಡ. ಸಿನಿಮಾ ಒಂದನ್ನೇ ನೋಡಿ ತೀರ್ಪು ಕೊಟ್ಟ ನೀವು ಯಾರ ಸಾಲಿಗೆ ಸೇರುತ್ತೀರಿ ಅಂತ ನಾನು ಹೇಳುವುದಿಲ್ಲ. ಇಷ್ಟು ಒಳ್ಳೆಯ ಜಗಳ ತೆಗೆಯುವ ಓದುಗರು ಅಪರೂಪ, ಕಳೆದುಕೊಳ್ಳಲು ಮನಸ್ಸಿಲ್ಲ.

ಅಂದಹಾಗೆ ಆ ಎರಡು ಪೆಟ್ಟಿಗೆ. ರದ್ದಿಯವನು ಕಿಲೋಗೆ ಎಷ್ಟು ಕೊಡುತ್ತಾನೋ ಅದರ ಎರಡರಷ್ಟು ಕೊಡುತ್ತೇವೆ, ಲಾರಿ ಬಾಡಿಗೆಯೂ ನಮ್ಮದೇ. ಭಾನುವಾರಕ್ಕೆ ಮುಂಚೆ ಒಂದು ಫೋನ್ ಮಾಡಿ.