ಕಾನೂನು ಕೇಳಿ: ತಿಂಗಳಿಗೊಮ್ಮೆ ಫೋನ್ ಮಾಡಬೇಕಂತೆ, ಅವರು ಪೊಲೀಸರಾ?

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಂಗಡಿಯಿಂದ 300 ಡಾಲರಿನ ಜಾಕೆಟ್ ದುಡ್ಡು ಕೊಡದೆ ತಂದು ಸಿಕ್ಕಿಬಿದ್ದ. ಬಿಟ್ಟು ಕಳಿಸಿದ್ದಾರೆ, ಆದರೆ ತಿಂಗಳಿಗೊಮ್ಮೆ ಒಬ್ಬ ಆಫೀಸರಿಗೆ ಫೋನ್ ಮಾಡಬೇಕಂತೆ. ಈಗ ವಕೀಲರು 'ಪಿಟಿಐ'ಗೆ ಅರ್ಜಿ ಹಾಕೋಣ ಅಂದಿದ್ದಾರೆ. ಅದಕ್ಕೆ ಇನ್ನೊಬ್ಬ ಆಫೀಸರ್ ಅಂತೆ. ಇವರೆಲ್ಲ ಪೊಲೀಸರಾ? ಕೈ ಬಿಸಿ ಮಾಡಿದರೆ ಬೇಗ ಮುಗಿಯುತ್ತಾ? ಮಾರ್ಚ್‌ನಲ್ಲಿ ನನ್ನ ಮಗಳ ಮದುವೆ, ಅವನು ಬರಬಹುದಾ?
– ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಕೈ ಬಿಸಿ ಮಾಡುವ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಫೋನಿನಲ್ಲೂ ಆಡಬೇಡಿ. ಜಾಕೆಟ್ಟಿಗಿಂತ ಅದು ದೊಡ್ಡ ಕೇಸಾಗುತ್ತದೆ.

ಇಬ್ಬರೂ ಪೊಲೀಸರಲ್ಲ, ಕೋರ್ಟಿನವರು. ನ್ಯೂಜೆರ್ಸಿಯಲ್ಲಿ 2017ರ ಜನವರಿಯಿಂದ ಜಾಮೀನಿಗೆ ದುಡ್ಡು ಕಟ್ಟಿಸುವುದು ಹೆಚ್ಚುಕಡಿಮೆ ನಿಂತಿದೆ. ಅದರ ಬದಲು ಪ್ರೀಟ್ರಯಲ್ ಸರ್ವಿಸಸ್, ಅಂದರೆ ವಿಚಾರಣೆಗೆ ಮುಂಚೆ ಆರೋಪಿಯ ಮೇಲೆ ಕಣ್ಣಿಡುವ ಕೋರ್ಟಿನ ವಿಭಾಗದ ನಿಗಾ. ನಿಮ್ಮ ಹುಡುಗ ಫೋನ್ ಮಾಡುವುದು ಅವರಿಗೆ. ಷರತ್ತು ಮುರಿದರೆ ಅವರು ನ್ಯಾಯಾಧೀಶರಿಗೆ ತಿಳಿಸುತ್ತಾರೆ, ಅಷ್ಟೆ.

ಪಿಟಿಐ, ಅಂದರೆ ಪ್ರೀಟ್ರಯಲ್ ಇಂಟರ್ವೆನ್ಷನ್, ಬೇರೆಯೇ: ವಿಚಾರಣೆ ನಡೆಸದೆ, ಕೆಲ ಕಾಲ ನಿಗಾದಲ್ಲಿಟ್ಟು ಕೇಸು ಮುಗಿಸುವ ದಾರಿ. ಹೆಚ್ಚಾಗಿ ಮೊದಲ ಸಲ ಸಿಕ್ಕಿಬಿದ್ದವರಿಗೆ. ಆಫೀಸರ್ ಹುಡುಗನನ್ನು ಕೂರಿಸಿಕೊಂಡು ಓದು, ಕೆಲಸ, ಕುಡಿತ, ಹಳೇ ಕೇಸು ಎಲ್ಲ ಕೇಳುತ್ತಾರೆ. ವರದಿ ಬರೆಯುತ್ತಾರೆ. ಪ್ರಾಸಿಕ್ಯೂಟರ್ ಒಪ್ಪಿ ನ್ಯಾಯಾಧೀಶರು ಆದೇಶ ಮಾಡಿದರೆ ಗರಿಷ್ಠ 3 ವರ್ಷ ನಿಗಾ. ಸಮುದಾಯ ಸೇವೆ, ಅಂಗಡಿಯವರ ನಷ್ಟ, ಕೆಲವರಿಗೆ ಮೂತ್ರ ಪರೀಕ್ಷೆ. ಸರಿಯಾಗಿ ಮುಗಿಸಿದರೆ ಕೇಸು ವಜಾ. ತಪ್ಪಿದರೆ ಮತ್ತೆ ವಿಚಾರಣೆ. ಈ ಅವಕಾಶ ಒಬ್ಬರಿಗೆ ಒಂದೇ ಸಲ.

ಆಫೀಸರ್ ಎಷ್ಟೇ ಒಳ್ಳೆಯವರಿರಲಿ, ಹುಡುಗನ ವಕೀಲರಲ್ಲ. ಮನೆ ಬದಲಾಯಿಸಿದರೆ ಅವತ್ತೇ ಹೇಳಲಿ. ಜಾಕೆಟ್ಟಿನ ಕಥೆಯನ್ನು ಮಾತ್ರ ವಕೀಲರನ್ನು ಕೇಳದೆ ಬಿಚ್ಚೋದು ಬೇಡ.

ನನಗೆ ಜಾಸ್ತಿ ಚಿಂತೆ ವೀಸಾದ್ದು. ತಪ್ಪೊಪ್ಪಿಕೊಂಡು, ಜೊತೆಗೆ ಕೋರ್ಟು ಏನಾದರೂ ನಿರ್ಬಂಧ ಹಾಕಿದರೆ ಸಾಕು, ಅಮೆರಿಕದ ವಲಸೆ ಕಾನೂನು ಅವನನ್ನು ಅಪರಾಧಿ ಅಂತಲೇ ಎಣಿಸುತ್ತದೆ. ಆಮೇಲೆ ಕೇಸು ವಜಾ ಆದರೂ ಆ ಲೆಕ್ಕ ಹೋಗುವುದಿಲ್ಲ. ಪಿಟಿಐನಲ್ಲಿ ಬಹಳಷ್ಟು ಕೇಸುಗಳಿಗೆ ತಪ್ಪೊಪ್ಪಿಗೆ ಬೇಡ, ಕೆಲವಕ್ಕೆ ಬೇಕು. ಆದ್ದರಿಂದ ಸಹಿಗೆ ಮುಂಚೆ ಕಾಗದವನ್ನು ವಲಸೆ ವಕೀಲರಿಗೆ ತೋರಿಸಲಿ. ಎರಡು ಫೀಸಾಗುತ್ತದೆ, ಆಗಲಿ. ಮದುವೆ ಊಟದಲ್ಲಿ ಒಂದು ಸ್ವೀಟ್ ಕಡಿಮೆ ಮಾಡಿ.

ಮದುವೆಗೆ ಬರಲು ಅನುಮತಿ ಬೇಕು. ಸಿಕ್ಕರೂ, ಬಂಧನವಾದವರ ವೀಸಾ ರದ್ದಾಗುವುದುಂಟು, ವಾಪಸ್ ಹೋಗುವುದೇ ಕಷ್ಟವಾದೀತು. ವಿಡಿಯೋದಲ್ಲೇ ನೋಡಲಿ ಬಿಡಿ.

ಪ್ರಶ್ನೆ: ನಮ್ಮಲ್ಲಿ ಇಂಥ ಆಫೀಸರ್ ಇಲ್ವಾ?
– ಓದುಗ, ಚಳ್ಳಕೆರೆ

ಉತ್ತರ: ದೊಡ್ಡವರಿಗೆ ಸಾಮಾನ್ಯವಾಗಿ ಇಲ್ಲ. 1958ರ ಪ್ರೊಬೇಷನ್ ಕಾಯ್ದೆಯ (ಜೈಲಿಗೆ ಕಳಿಸದೆ ನಿಗಾದಲ್ಲಿ ಬಿಡುವ ಕಾಯ್ದೆ) ಪ್ರೊಬೇಷನ್ ಅಧಿಕಾರಿ ಬರುವುದು ತಪ್ಪು ಸಾಬೀತಾದ ಮೇಲೆ. 18 ತುಂಬದವರಿಗೆ ಮಾತ್ರ ಮೊದಲೇ ಬರುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆಯಂತೆ ಅವರು 2 ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ದಾವಣಗೆರೆಯಲ್ಲಿ ನಾನು ನಡೆಸಿದ ಒಂದು ಬೈಕ್ ಕಳ್ಳತನದ ಕೇಸಿನಲ್ಲಿ, ಅಪ್ಪ ಮಂಡಿಪೇಟೆಯಲ್ಲಿ ಹಮಾಲಿ, ಹುಡುಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ರಾತ್ರಿ ಗ್ಯಾರೇಜಿನಲ್ಲೇ ಮಲಗುತ್ತಾನೆ ಅಂತ ವರದಿಯಲ್ಲಿತ್ತು. ಪೊಲೀಸರ ಕಾಗದದಲ್ಲಿ ಬೈಕಿನ ನಂಬರ್ ಬಿಟ್ಟು ಇದೊಂದೂ ಇರಲಿಲ್ಲ. ಹಾಗಾಗಿ ಅಧಿಕಾರಿ ಮನೆಗೆ ಬಂದರೆ ಹೆದರಿ ಬಾಗಿಲು ಹಾಕಬೇಡಿ. ಶಾಲೆಯ ಅಂಕಪಟ್ಟಿ, ಟಿಸಿ ಏನಿದೆಯೋ ತೆಗೆದು ತೋರಿಸಿ.